ಮಗಳ ಆಸಕ್ತಿಗೆ ಹಾರಿಸಿದ ಎರಡು ಗುಂಡು

ಮಕ್ಕಳ ವಿಷಯದಲ್ಲಿ ತಂದೆಯಾದವನು ಯಾವುದಕ್ಕೆ ಹೆಮ್ಮೆಪಡಬೇಕು, ಯಾವುದಕ್ಕೆ ಪಡಬಾರದು ಎಂಬುದನ್ನು ಯಾರಾದರೂ ಮುಂಚೆಯೇ ತಿಳಿಸಿ ಹೇಳಿದ್ದರೆ ನನ್ನ ಮಾನ ಸ್ವಲ್ಪವಾದರೂ ಉಳಿಯುತ್ತಿತ್ತು. ನಾನು ಬಹುಕಾಲ ಹೆಮ್ಮೆಪಟ್ಟದ್ದು ನನ್ನ ಮಗಳು ಪಾರು ಏನೂ ಮಾಡುವುದಿಲ್ಲ ಎಂಬುದಕ್ಕೆ. ಬೆಳಿಗ್ಗೆ ಎದ್ದು ಮಡಿಕೇರಿಯ ಹೈಸ್ಕೂಲಿಗೆ ನಡೆದು ಹೋಗುತ್ತಾಳೆ, ಸಂಜೆ ನಡೆದು ಬರುತ್ತಾಳೆ, ಓದುತ್ತಾಳೆ, ಉಣ್ಣುತ್ತಾಳೆ, ಮಲಗುತ್ತಾಳೆ. ಇದಕ್ಕಿಂತ ಒಳ್ಳೆಯ ಮಗಳು ಉಂಟೇ ಎಂದು ಮದುವೆಮನೆಗಳಲ್ಲಿ, ನಾಮಕರಣಗಳಲ್ಲಿ ಕೇಳದವರಿಗೂ ಹೇಳಿಕೊಂಡು ಬಂದಿದ್ದೆ. ಕೇಳಿದವರು ತಲೆದೂಗುತ್ತಿದ್ದರು. ಅವರ ಮಕ್ಕಳು ಏನೇನೋ ಮಾಡುತ್ತಿದ್ದವೆಂದು ಕಾಣುತ್ತದೆ.

ಏನೂ ಮಾಡುವುದಿಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಒಂದು ಕೆಟ್ಟ ಚಾಳಿ ಇತ್ತು. ಅವಳು ಜನರನ್ನು ಅಣಕಿಸುತ್ತಿದ್ದಳು. ಸ್ಕೂಲಿನ ಪಂಡಿತರು ನಶ್ಯ ಏರಿಸಿ ಸಂಧಿ ಬಿಡಿಸುವುದು, ಅಂಗಡಿಯ ಕಾಕ ಅರ್ಧ ಮಲಯಾಳದಲ್ಲಿ ಅರ್ಧ ಕನ್ನಡದಲ್ಲಿ ಬೆಲ್ಲ ಇಲ್ಲ ಎನ್ನುವುದು, ನಮ್ಮ ತೋಟದ ಮೇಸ್ತ್ರಿ ದೊರೆ ಬಂದಾಗ ಮಾತ್ರ ಗಟ್ಟಿಯಾಗಿ ಆಳುಗಳನ್ನು ಬೈಯುವುದು, ಇವೆಲ್ಲ ನಮ್ಮ ಅಡುಗೆಮನೆಯಲ್ಲಿ ನಡೆಯುತ್ತಿದ್ದವು. ನಾನು ಹೊರಗೆ ಜಗಲಿಯಲ್ಲಿ ಕೂತಿದ್ದರೆ, ಕಾಕ ಯಾವಾಗ ನಮ್ಮ ಒಲೆಯ ಹತ್ತಿರ ಬಂದು ಕೂತ ಎಂದು ಎಷ್ಟೋ ಸಲ ಬೆಚ್ಚಿದ್ದುಂಟು. ನನ್ನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಒಳಗೆ ಹೋದ ಕೂಡಲೆ ಎಲ್ಲ ನಿಂತು, ಪಾರು ಬೀನ್ಸ್ ಸೋಸುವುದರಲ್ಲಿ ಮಗ್ನಳಾಗಿಬಿಡುತ್ತಿದ್ದಳು. ದೊಡ್ಡವರನ್ನು ಅಣಕಿಸುವ ಹುಡುಗಿಗೆ ಒಳ್ಳೆಯದಾಗುವುದಿಲ್ಲ ಎಂದು ನಾನು ಗದರುತ್ತಿದ್ದೆ. ಹಾಗೆ ಗದರುವಾಗ ನಾನು ಬಲಗೈಯ ಬೆರಳನ್ನು ಹೇಗೆ ಆಡಿಸುತ್ತೇನೆಂಬುದು ನನಗೆ ಆಗ ಗೊತ್ತಿರಲಿಲ್ಲ. ಈಗ ಊರಿಗೆಲ್ಲ ಗೊತ್ತು.

ನನ್ನ ಕೆಲಸದ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಮಡಿಕೇರಿಯ ಹತ್ತಿರ ಒಬ್ಬ ಬಿಳಿಯ ದೊರೆಯ ಕಾಫಿ ಎಸ್ಟೇಟಿನಲ್ಲಿ ರೈಟರ್. ಘಟ್ಟದ ಕೆಳಗಿನ ನೆಂಟರೊಬ್ಬರು ಇದನ್ನು ಕೇಳಿ ತಮ್ಮ ಮಗನ ಮದುವೆಗೆ ಒಂದು ಮಂಗಳಪದ್ಯ ಬರೆದುಕೊಡಿ ಎಂದಿದ್ದರು. ಯಾವ ಆಳು ಬಂದ, ಯಾರು ಬರಲಿಲ್ಲ, ಎಷ್ಟು ಹಣ್ಣು ಪಿಕ್ಕಿಂಗ್ ಆಯಿತು ಎಂಬುದರ ಹೊರತು ನಾನು ಬೇರೇನೂ ಬರೆದವನಲ್ಲ ಎಂದರೆ ಅವರು ನಂಬಲಿಲ್ಲ, ಜಂಭ ಎಂದುಕೊಂಡರು. ಇರಲಿ. ಮಳೆಗಾಲ ಮುಗಿದ ಒಂದು ದಿನ ನಮ್ಮ ದೊರೆ ಆಫೀಸಿನ ಮೆಟ್ಟಿಲ ಮೇಲೆ ನಿಂತು ಪೈಪು ತುಂಬುತ್ತ, "ರೈಟರ್, ನಿನ್ನ ಮಗಳನ್ನು ಕಾಲೇಜಿಗೆ ಕಳಿಸುವ ವಿಚಾರ ಇದೆಯಂತೆ?" ಎಂದರು. ಇದೆ ಎಂದೆ. "ಸ್ಕೂಲು ಬಿಟ್ಟರೆ ಅವಳು ಏನು ಮಾಡುತ್ತಾಳೆ?" ಎಂದರು. ನಾನು ಎದೆಯುಬ್ಬಿಸಿ, "ಏನೂ ಇಲ್ಲ ದೊರೆಗಳೇ" ಎಂದೆ.

ದೊರೆ ಪೈಪನ್ನು ಬಾಯಿಂದ ತೆಗೆದರು. ಹತ್ತು ಎಕರೆ ಗಿಡಕ್ಕೆ ಬೋರರ್ ಹುಳ ಹತ್ತಿದೆ ಎಂದು ಹೇಳಿದ್ದರೆ ಅವರ ಮುಖ ಹೇಗಾಗುತ್ತಿತ್ತೋ ಹಾಗಾಗಿತ್ತು. ಆಮೇಲೆ ವಿಷಯ ತಿಳಿಯಿತು. ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಕಾಲೇಜು ನಡೆಸುವ ಒಬ್ಬ ಸನ್ಯಾಸಿನಿ, ಎಲ್ಲರೂ ಮದರ್ ಎಂದು ಕರೆಯುವವರು, ದೊರೆಸಾನಿಗೆ ಬೇಕಾದವರಂತೆ. ಕ್ರಿಸ್‌ಮಸ್ಸಿಗೆ ಸ್ವಲ್ಪ ಮುಂಚೆ ನಾಲ್ಕು ದಿನ ನಮ್ಮ ಬಂಗಲೆಗೆ ಬಂದು ತಣ್ಣಗೆ ಇದ್ದು ಹೋಗುತ್ತಾರೆ. ಗುಡ್ಡದ ಮೇಲಿನ ಹುಡುಗಿಯರಲ್ಲಿ ಹಾಸ್ಟೆಲಿಗೆ ಯಾರನ್ನು ಸೇರಿಸಿಕೊಳ್ಳಬೇಕೆಂದು ಅವರೇ ಕಂಡು ಮಾತಾಡಿ ತೀರ್ಮಾನಿಸುತ್ತಾರೆ. ಮಾರ್ಕು ಕೇಳುವುದಿಲ್ಲ, ಅದು ಪರೀಕ್ಷೆಯವರ ಪಾಡು. ಅವರು ಕೇಳುವುದು ಒಂದೇ ಪ್ರಶ್ನೆ: ಸ್ಕೂಲಿನ ಹೊರಗೆ ನೀನೇನು ಮಾಡುತ್ತಿ? ಏನೂ ಇಲ್ಲ ಎಂದವರಿಗೆ, ಹಾಗಾದರೆ ಏನಾದರೂ ಮಾಡಿ ಮುಂದಿನ ವರ್ಷ ಬಾ ಮಗು ಎನ್ನುತ್ತಾರಂತೆ.

ಮುಂದಿನ ವರ್ಷ ಎಂಬುದು ನಮ್ಮ ಮನೆಯಲ್ಲಿ ಇರಲಿಲ್ಲ. ನನ್ನ ಅವ್ವ ಭಾಗಮಂಡಲದ ಕಡೆ ಒಂದು ಗಂಡು ನೋಡಿಟ್ಟಿದ್ದಳು. ಏಲಕ್ಕಿ ಮಲೆ ಇರುವ ಮನೆ. ಅವ್ವನ ಪ್ರಕಾರ ಹುಡುಗನ ತಂದೆಯ ಮೀಸೆ ಒಂದೇ ಸಾಕು, ಬೇರೆ ಗುಣ ಕೇಳಬೇಕಾಗಿಲ್ಲ. ಗೂಡೆ ಈ ಸಲ ಕಾಲೇಜಿಗೆ ಹೋದರೆ ಹೋಗಲಿ, ಹೋಗದಿದ್ದರೆ ಶಿವರಾತ್ರಿ ಕಳೆದು ಮಾತುಕತೆ ಎಂದು ಅವಳೂ ನಾನೂ ಒಪ್ಪಂದ ಮಾಡಿಕೊಂಡಿದ್ದೆವು. ಗೂಡೆ ಎಂದರೆ ನಮ್ಮ ಅರೆಭಾಷೆಯಲ್ಲಿ ಹುಡುಗಿ. ದೊರೆ ಹೇಳಿದ್ದನ್ನು ಮನೆಗೆ ಬಂದು ಹೇಳಿದೆ. ಊಟವಾದ ಮೇಲೆ ಪಾರು ನನ್ನ ಹತ್ತಿರ ಬಂದು ನಿಂತು, "ಅಪ್ಪಾ, ನಂಗೆ ಕಾಲೇಜಿಗೆ ಹೋಕೆ ಬೊಕು" ಎಂದಳು. ಅಷ್ಟೇ. ಅಣಕವಿಲ್ಲದ, ತನ್ನದೇ ಆದ ಸಣ್ಣ ದನಿ ಅದು. ಆ ದನಿಯನ್ನು ನಾನು ಕೇಳಿ ಬಹಳ ಕಾಲವಾಗಿತ್ತು. ಇವಳಿಗೆ ಹೇಗಾದರೂ ಮಾಡಿ ಒಂದು ಆಸಕ್ತಿಯನ್ನು ಒದಗಿಸಿಯೇ ತೀರುತ್ತೇನೆ ಎಂದು ಅಂದೇ ನಿಶ್ಚಯಿಸಿದೆ.

ಮೊದಲು ಪಿಟೀಲು ತಂದೆ. ಮಡಿಕೇರಿಯಲ್ಲಿ ಬ್ಯಾಂಡಿನಿಂದ ನಿವೃತ್ತನಾದ ಒಬ್ಬ ಮುದುಕನ ಹತ್ತಿರ ಇತ್ತು. ಪಾರು ಅದನ್ನು ಕೈಗೆತ್ತಿಕೊಂಡು ಎರಡು ಸಲ ಎಳೆದು, ಯಾರಿಗೋ ನೋವಾದಂತೆ ಮುಖ ಮಾಡಿ ಕೆಳಗಿಟ್ಟಳು. ಹಾಗಲ್ಲ, ಹೀಗೆ ಎಂದು ತೋರಿಸಲು ನಾನು ತೆಗೆದುಕೊಂಡೆ. ತೋರಿಸುವವನು ಸ್ವಲ್ಪ ಕಲಿತಿದ್ದರೆ ಒಳ್ಳೆಯದೆಂದು ಸಂಜೆ ಸಂಜೆ ಅಭ್ಯಾಸಕ್ಕೆ ಕೂತೆ. ಅದರಲ್ಲಿ ನನಗೆ ರುಚಿ ಹತ್ತಿತೆಂಬುದನ್ನು ಮುಚ್ಚಿಡುವುದೇಕೆ. ಆದರೆ ಮೂರನೆಯ ಸಂಜೆಯೋ ನಾಲ್ಕನೆಯದೋ, ಪಕ್ಕದ ಮನೆಯ ತಿಮ್ಮಯ್ಯನ ಬೇಟೆನಾಯಿಗಳು ಬೇಲಿ ಹಾರಿ ಬಂದು ನಮ್ಮ ಜಗಲಿಯನ್ನು ಸುತ್ತುವರಿದವು. ಗಾಯಗೊಂಡ ಹಂದಿ ಇಲ್ಲೇ ಎಲ್ಲೋ ಬಿದ್ದಿದೆ ಎಂದು ಅವಕ್ಕೆ ಖಾತ್ರಿಯಾಗಿತ್ತು. ತಿಮ್ಮಯ್ಯ ಬೇಲಿಯ ಆಚೆಯಿಂದಲೇ ನಾಯಿಗಳನ್ನು ಕರೆದ, ನನ್ನನ್ನು ಮಾತಾಡಿಸಲಿಲ್ಲ. ಅವನು ನನಗೆ ನೆಂಟಸ್ತಿಕೆಯಲ್ಲಿ ಭಾವ. ನಮ್ಮಿಬ್ಬರ ಗಡಿಯಲ್ಲಿ ಒಂದು ಬಿದಿರ ಮೆಳೆ ಇದೆ. ಅದು ತನ್ನದು ಎಂದು ಅವನು, ನನ್ನದು ಎಂದು ನಾನು. ಇದರಿಂದಾಗಿ ನಮಗೆ ಮಾತು ಬಿಟ್ಟು ವರ್ಷಗಳಾಗಿದ್ದವು. ಆ ಮೆಳೆಯ ಒಂದು ಗಳವನ್ನೂ ಅವನೂ ಕಡಿದಿರಲಿಲ್ಲ, ನಾನೂ ಕಡಿದಿರಲಿಲ್ಲ.

ಪಿಟೀಲಿನ ನಂತರ ಚಿಟ್ಟೆ. ದೊರೆಸಾನಿಯ ತಮ್ಮ ಯಾವನೋ ಚಿಟ್ಟೆ ಹಿಡಿದು ಗಾಜಿನ ಪೆಟ್ಟಿಗೆಯಲ್ಲಿಟ್ಟು ದೊಡ್ಡ ಹೆಸರು ಮಾಡಿದ್ದನಂತೆ. ಹೆಂಡತಿಯ ಹಳೆಯ ಸೊಳ್ಳೆಪರದೆಯನ್ನು ಕತ್ತರಿಸಿ, ಬೆತ್ತದ ಬಳೆ ಕಟ್ಟಿ ಬಲೆ ಮಾಡಿದೆ. ಪಾರು, "ಪಾಪ, ಹಾರಿಕೊಂಡಿರಲಿ ಬಿಡಿ ಅಪ್ಪಾ" ಎಂದಳು. ಹಿಡಿಯುವುದು ಎಷ್ಟು ಸುಲಭವೆಂದು ತೋರಿಸಲು ನಾನೇ ಒಂದು ದೊಡ್ಡ ಕಪ್ಪು ಚಿಟ್ಟೆಯ ಹಿಂದೆ ಓಡಿದೆ. ಚಿಟ್ಟೆಗೆ ತೋಟದ ಪರಿಚಯ ನನಗಿಂತ ಚೆನ್ನಾಗಿತ್ತು. ಹೊಸ ಗಿಡ ಹಾಕಲು ತೋಡಿಟ್ಟ ಗುಂಡಿಗಳ ಸಾಲಿನ ಮೇಲೆ ಅದು ಹಾರಿತು, ನಾನು ಬಿದ್ದೆ. ಪಿಕ್ಕಿಂಗಿಗೆ ಬಂದ ಹೆಂಗಸರೆಲ್ಲ ಚೀಲ ಕೆಳಗಿಟ್ಟು ನೋಡುತ್ತಿದ್ದರು. ಮೇಸ್ತ್ರಿ ಕೈಕೊಟ್ಟು ಎಬ್ಬಿಸಿ, "ರೈಟರೇ, ಗುಂಡಿಯ ಆಳ ಸರಿ ಉಂಟಾ?" ಎಂದು ಬಹಳ ವಿನಯದಿಂದ ಕೇಳಿದ. ಸರಿ ಉಂಟು ಎಂದೆ. ಬೇರೆ ಏನು ಹೇಳುವುದು.

ಆಮೇಲೆ ಬಣ್ಣದ ಪೆಟ್ಟಿಗೆ ತರಿಸಿದೆ. ಮಗಳನ್ನು ಬೆಟ್ಟದ ಓರೆಯಲ್ಲಿ ಕೂರಿಸಿ, ಎದುರಿನ ದೃಶ್ಯ ಬರೆ ಎಂದೆ. ಅವಳಿಗಿಂತ ಮೊದಲು ಬಣ್ಣ ಕಲಸಿಕೊಂಡವನು ನಾನು. ನಾನು ಒಂದು ಗುಡ್ಡದ ಗೆರೆ ಎಳೆಯುವುದರಲ್ಲಿ ಮಂಜು ಬಂದು ಎದುರಿನದೆಲ್ಲ ಮುಚ್ಚಿಹೋಯಿತು. ಕಾದೆವು. ಮಂಜು ಹೋಗಲಿಲ್ಲ. ಕೊನೆಗೆ ಆ ಗೆರೆಯನ್ನೂ ಅಳಿಸಿ, ಕಾಗದದ ತುಂಬ ಬೂದಿ ಬಣ್ಣ ಬಳಿದು ಮನೆಗೆ ತಂದೆ. ನೋಡಿದ್ದನ್ನು ಇದ್ದ ಹಾಗೆ ಬರೆದ ಚಿತ್ರ ಮಡಿಕೇರಿಯಲ್ಲಿ ಅದೊಂದೇ ಇರಬೇಕು. ಅವ್ವ ಅದನ್ನು ಉಪ್ಪಿನ ಮರಿಗೆಗೆ ಮುಚ್ಚಿದಳು.

ಇಷ್ಟೆಲ್ಲ ನಡೆಯುವಾಗ ಪಾರು ಏನು ಮಾಡುತ್ತಿದ್ದಳೆಂದರೆ, ಗಲ್ಲಕ್ಕೆ ಕೈಕೊಟ್ಟು ಜಗಲಿಯ ಮೆಟ್ಟಿಲಿನ ಮೇಲೋ ತೋಟದ ಕಲ್ಲಿನ ಮೇಲೋ ಕೂತು ನನ್ನನ್ನೇ ನೋಡುತ್ತಿದ್ದಳು. ನೋಡಿ ಕಲಿ ಎಂದು ನಾನೇ ಹೇಳಿದ್ದೆ. ಎಷ್ಟು ವಿಧೇಯ ಮಗಳು ಎಂದು ಮನಸ್ಸಿನಲ್ಲೇ ಸಂತೋಷಪಟ್ಟೆ. ಒಂದೇ ಒಂದು ಸಲ ಅವಳು, "ಅಪ್ಪಾ, ಮದರ್ ಬಂದಾಗ ನಂಗೆ ಏನ್ ಬಾದೆಯೋ ಅದ್ನೇ ತೋರ್ಸಿರೆ ಆಕಿಲ್ಲೆನಾ?" ಎಂದು ಮೆಲ್ಲಗೆ ಕೇಳಿದಳು. ನಿನಗೇನು ಬರುತ್ತದೆ ಎಂದೆ. ಕಾಕನ ಹಾಗೆ ಕತ್ತು ಓರೆ ಮಾಡಿ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಅಷ್ಟು ದೊಡ್ಡವರ ಮುಂದೆ ಆ ಕೋತಿಚೇಷ್ಟೆ ಮಾಡಿದರೆ ಶಿವರಾತ್ರಿಗೂ ಕಾಯುವುದಿಲ್ಲ, ನಾಳೆಯೇ ಮೀಸೆಯವರ ಮನೆಗೆ ಹೇಳಿ ಕಳಿಸುತ್ತೇನೆ ಎಂದುಬಿಟ್ಟೆ. ಅವಳು ಮುಖ ತಗ್ಗಿಸಿ ಒಳಗೆ ಹೋದಳು.

ಹೀಗೆ ಹೊಸ ಅಕ್ಕಿಯ ಹಬ್ಬ ಹುತ್ತರಿಯೂ ಕಳೆಯಿತು. ಒಂದು ಸಂಜೆ ದೊರೆ, ಮದರ್ ಬಂದಿದ್ದಾರೆ, ನಾಡಿದ್ದು ಮಗಳನ್ನು ಕರೆದುಕೊಂಡು ಬಾ ಎಂದರು. ನನ್ನ ಕೈಯಲ್ಲಿ ಒಂದು ಆಸಕ್ತಿಯೂ ಇಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಕಣ್ಣುಬಿಟ್ಟರೆ ಎದುರಿನ ಗೋಡೆಯ ಮೇಲೆ ಕೋವಿ. ಅಜ್ಜನ ಕಾಲದಿಂದ ಬಂದ ಜೋಡುನಳಿಗೆಯ ಕೋವಿ ಅದು. ಬೇರೆ ಸೀಮೆಯಲ್ಲಿ ಕೋವಿ ಇಟ್ಟುಕೊಳ್ಳಲು ಸರಕಾರದ ಅಪ್ಪಣೆ ಬೇಕಂತೆ, ನಮ್ಮ ಕೊಡಗಿನಲ್ಲಿ ವಂಶದಿಂದ ಬಂದ ಜಮ್ಮಾ ಭೂಮಿ ಇರುವವರಿಗೆ ಅದು ಬೇಡ. ಕೈಲ್ ಮುಹೂರ್ತದ ಹಬ್ಬದ ದಿನ ಹೂ ಮುಡಿಸಿ ಪೂಜೆ ಮಾಡುತ್ತೇವೆ, ತೆಂಗಿನಕಾಯಿಗೆ ಗುರಿ ಇಡುತ್ತೇವೆ. ದೊರೆಸಾನಿಯೂ ಹಕ್ಕಿ ಹೊಡೆಯುತ್ತಾಳಲ್ಲ, ಗುರಿ ಹೊಡೆಯುವ ಹುಡುಗಿ ಎಂದರೆ ಮದರ್ ಬೇಡ ಎನ್ನುವರೇ. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ನನ್ನನ್ನು ನಾನೇ ಬೈದುಕೊಂಡು, ಹಲಸಿನ ಮರಕ್ಕೆ ಒಂದು ತೆಂಗಿನಕಾಯಿ ಕಟ್ಟಿ, ಪಾರುವನ್ನು ಅಂಗಳಕ್ಕೆ ಕರೆದೆ.

ಇಲ್ಲಿ ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಹಬ್ಬದ ದಿನ ಎಷ್ಟು ಗುಂಡು ಹಾರಿದರೂ ಯಾರೂ ಲೆಕ್ಕ ಇಡುವುದಿಲ್ಲ. ಆದರೆ ಹಬ್ಬವಲ್ಲದ ದಿನ ಒಂದು ಮನೆಯ ಅಂಗಳದಿಂದ ಒಂದು ಗುಂಡು ಕೇಳಿದರೆ ಅಲ್ಲಿ ಗಂಡು ಮಗು ಹುಟ್ಟಿತೆಂದು ಅರ್ಥ. ಒಂದರ ಹಿಂದೆ ಒಂದಾಗಿ ಎರಡು ಕೇಳಿದರೆ ಅಲ್ಲಿ ಸಾವಾಗಿದೆ. ಆಗ ಕರೆ ಕಳಿಸುವುದು ಬೇಕಾಗಿಲ್ಲ, ಕೇಳಿದವರು ಕೈಯ ಕೆಲಸ ಬಿಟ್ಟು ಬರುತ್ತಾರೆ. ಇದು ನಮಗೆ ಉಸಿರಾಡುವಷ್ಟು ಗೊತ್ತಿರುವ ವಿಷಯ. ಅಷ್ಟು ಗೊತ್ತಿರುವುದರಿಂದಲೇ ನನಗೆ ನೆನಪಾಗಲಿಲ್ಲ.

ಕೋವಿ ಹೀಗೆ ಹಿಡಿಯಬೇಕು, ಉಸಿರು ಹೀಗೆ ಕಟ್ಟಬೇಕು ಎಂದು ತೋರಿಸುತ್ತ ಗುರಿಯಿಟ್ಟು ಹೊಡೆದೆ. ತೆಂಗಿನಕಾಯಿ ಅಲುಗಲಿಲ್ಲ. ಹಲಸಿನ ಮರದಿಂದ ಒಂದು ಎಲೆ ನಿಧಾನವಾಗಿ ಇಳಿದು ಬಂತು. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ನನ್ನ ಹೆಂಡತಿಯ ದನಿ: "ಎಂತ ಮಾಡ್ದಿರಿ ನೀವು? ಒಂದ್ ಗುಂಡು ಹೊಡೆದ್ರಿಯಲ್ಲಾ. ಈ ಪ್ರಾಯಲಿ ನಂಗೆ ಗಂಡು ಕೂಸು ಹುಟ್ಟಿತ್ ತ ಊರೋರು ತಿಳ್ಕೊಂಡ್ರೆ ನಾ ಮುಖ ಎತ್ತಿ ನಡಿಯದ್ ಹೆಂಗೆ?"

ಅವಳು ಹೇಳುವುದು ನಿಜ. ಹುಡುಗಿಗೆ ಗಂಡು ನೋಡುವ ಮನೆಯಲ್ಲಿ ತೊಟ್ಟಿಲು ಕಟ್ಟಿದರೆಂದು ಸುದ್ದಿಯಾದರೆ ಗತಿಯೇನು. ಈ ಒಂದನ್ನು ಒಂದಾಗಿ ಉಳಿಯಲು ಬಿಡಬಾರದು ಎನ್ನಿಸಿತು. ಪಾರು, "ಅಪ್ಪಾ, ಬೊಡ," ಎಂದು ನನ್ನ ತೋಳು ಹಿಡಿಯಲು ಬಂದಳು. ಅವಳು ಮುಟ್ಟುವ ಮೊದಲೇ ನಾನು ಇನ್ನೊಂದು ನಳಿಗೆಯನ್ನೂ ಹಾರಿಸಿಬಿಟ್ಟಿದ್ದೆ.

ಆಮೇಲಿನ ನಿಶ್ಶಬ್ದವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಕಾಗೆಗಳೂ ಸುಮ್ಮನಾದವು. ಗದ್ದೆಯ ಆಚೆ ಯಾರೋ ಎತ್ತಿಗೆ ಹೇಳುತ್ತಿದ್ದ ಮಾತು ಅರ್ಧಕ್ಕೆ ನಿಂತಿತು. ಒಳಗಿನಿಂದ ಅವ್ವ ಕೋಲೂರಿಕೊಂಡು ಬಾಗಿಲಿಗೆ ಬಂದು, "ಯಾರ್ ಸತ್ತದ್?" ಎಂದಳು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, "ನಂಗೆ ಯಾರೂ ಹೇಳಿಲ್ಲೆ," ಎಂದು ಬೇಜಾರು ಮಾಡಿಕೊಂಡಳು.

ಮೊದಲು ಬಂದವನು ತಿಮ್ಮಯ್ಯ. ಗಡಿಯ ಬೇಲಿಯನ್ನು ಮುರಿದುಕೊಂಡೇ ಬಂದ. ಹೆಗಲ ಮೇಲೆ ಹಸಿ ಬಿದಿರಿನ ಎರಡು ಗಳ, ಕೈಯಲ್ಲಿ ಕತ್ತಿ. ಚಟ್ಟಕ್ಕೆಂದು ಬರುವ ದಾರಿಯಲ್ಲೇ ಕಡಿದುಕೊಂಡಿದ್ದ, ಅದೂ ಆ ಮೆಳೆಯಿಂದಲೇ. "ಭಾವಾ, ನಂಗೆ ಒಂದ್ ಮಾತ್ ಹೇಳದೆ ಹೋದಿರಲ್ಲಾ," ಎಂದು ದೊಡ್ಡ ದನಿ ತೆಗೆದು ಅಳುತ್ತ ಅಂಗಳ ದಾಟಿದ. ಜಗಲಿಯ ಕಂಬಕ್ಕೆ ಒರಗಿ ಕೋವಿ ಹಿಡಿದು ನಿಂತ ನನ್ನನ್ನು ಕಣ್ಣೀರಿನಲ್ಲಿ ಗುರುತಿಸದೆ ಒಳಗೆ ಹೋಗುತ್ತಿದ್ದವನು, ಎರಡು ಹೆಜ್ಜೆ ಹಿಂದೆ ಬಂದು ನೋಡಿದ. ಬಿದಿರು ಕೆಳಗೆ ಬಿತ್ತು. "ನೀವು ಸತ್ತಿಲ್ಲೆನಾ?" ಎಂದ. ಇಲ್ಲ ಎಂದು ಹೇಳಲು ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಕ್ಷಮಿಸು ಎನ್ನುವ ಹಾಗೆ ಕೈಮುಗಿದೆ. ಸತ್ತದ್ದು ನಾನೇ ಎಂದು ನಿನಗೆ ಹೇಗೆ ಅನ್ನಿಸಿತು ಎಂದು ಆಮೇಲೆ ಒಂದು ದಿನ ಕೇಳಿದ್ದೆ. ಪಿಟೀಲು, ಗುಂಡಿ, ಮಂಜಿನಲ್ಲಿ ಕೂರುವುದು, ಇವನ್ನೆಲ್ಲ ನೋಡಿ, ಇದು ಹೀಗೇ ಕೊನೆಯಾಗುವುದೆಂದು ಊರಿಗೆಲ್ಲ ಅನ್ನಿಸಿತ್ತಂತೆ.

ಒಂದು ಮಾತು ಮಾತ್ರ ತಮಾಷೆಯಲ್ಲ. ಅವನ ಆ ಅಳು ಸುಳ್ಳಲ್ಲ. ವರ್ಷಗಳಿಂದ ಮಾತಾಡದ ಮನುಷ್ಯ ನನಗಾಗಿ ಗಂಟಲು ಬಿರಿಯುವ ಹಾಗೆ ಅತ್ತದ್ದನ್ನು ಬದುಕಿರುವಾಗಲೇ ಕೇಳುವ ಯೋಗ ನನಗೆ ಬಂತು. ನನಗೂ ಕಣ್ಣು ಒದ್ದೆಯಾಯಿತು. ಹೊಗೆಯಿಂದ ಎಂದುಕೊಂಡೆ.

ಅಷ್ಟರಲ್ಲಿ ಅಂಗಳ ತುಂಬಿತು. ಬಿಳಿ ಸೀರೆ ಉಟ್ಟ ಹೆಂಗಸರು, ಗುದ್ದಲಿ ಹೊತ್ತ ಗಂಡಸರು, ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಗಂಜಿಯ ಗಡಿಗೆ ಹೊತ್ತು ತಂದವರು. ಬಂದವರೆಲ್ಲ ಮೊದಲು ಅವ್ವನ ಮುಖ ನೋಡುತ್ತಿದ್ದರು. ಅವಳು ಕೂತಿದ್ದಾಳೆಂದು ಕಂಡು ಆಶ್ಚರ್ಯಪಡುತ್ತಿದ್ದರು. ಇದು ಅವ್ವನಿಗೆ ಸರಿಬೀಳಲಿಲ್ಲ. "ನಂಗೆ ಎಂತಾತ್? ನಾ ಸರಿಯೇ ಒಳೆ," ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತಿದ್ದಳು. ಯಾರೂ ಸತ್ತಿಲ್ಲವೆಂದು ತಿಳಿದಾಗ ಜನಕ್ಕೆ ಸಂತೋಷವಾಗುವುದೆಂದು ನೀವು ತಿಳಿದಿದ್ದರೆ ತಪ್ಪು. ಪಿಕ್ಕಿಂಗ್ ಬಿಟ್ಟು ಬಂದವರು, ಕಣದಲ್ಲಿ ಬತ್ತ ಬಿಟ್ಟು ಬಂದವರು, ಅರ್ಧ ಕ್ಷೌರ ಮಾಡಿಸಿಕೊಂಡು ಬಂದವರು. ಒಬ್ಬರಿಗಾದರೂ ಏನಾದರೂ ಆಗಬೇಕಿತ್ತು ಎನ್ನುವ ಹಾಗೆ ನನ್ನನ್ನು ನೋಡುತ್ತಿದ್ದರು. ತಿಮ್ಮಯ್ಯ ಮುಖ ಒರೆಸಿಕೊಂಡು ಗಟ್ಟಿಯಾಗಿ, "ಬಿದಿರು ಕಡ್ದ್ ಆತ್. ಈಗ ಎಂತಕೆ ಹೊಡೆದ್ರಿ ತ ಎಲ್ಲರ ಮುಂದೆ ಹೇಳಿ ಭಾವ," ಎಂದ.

ನಾನು ಬಾಯಿ ತೆರೆದೆ. ಆಸಕ್ತಿ ಎಂದೆ. ಕಾಲೇಜು ಎಂದೆ. ಮದರ್ ಎಂದೆ. ಒಂದಕ್ಕೊಂದು ಸೇರಲಿಲ್ಲ. ಆಗ ಪಾರು ಜಗಲಿಯಿಂದ ಅಂಗಳಕ್ಕಿಳಿದಳು. ಅವಳ ಮುಖ ಬಿಳಿಚಿಕೊಂಡಿತ್ತು. ಒಮ್ಮೆ ನನ್ನನ್ನು ನೋಡಿದಳು. ನಾನು ತಡೆಯಲಿಲ್ಲ, ತಡೆಯುವ ಸ್ಥಿತಿಯಲ್ಲಿ ಇರಲಿಲ್ಲ. "ನಾ ಹೇಳ್ನೆ," ಎಂದಳು.

ಹೇಳುವುದೆಂದರೇನು, ತಿಂಗಳುಗಟ್ಟಲೆ ನಡೆದದ್ದನ್ನೆಲ್ಲ ಅಂಗಳದಲ್ಲಿ ಮತ್ತೆ ನಡೆಸಿಬಿಟ್ಟಳು. ಎದೆಯುಬ್ಬಿಸಿ "ಏನೂ ಇಲ್ಲ ದೊರೆಗಳೇ" ಎಂದಳು. ನೋಡಿದರೆ ಅದು ನಾನೇ, ನನ್ನದೇ ಹೊಟ್ಟೆ, ನನ್ನದೇ ಬೆರಳು. ಮುರಿದ ಬೇಲಿಯ ಕಡ್ಡಿಯೊಂದನ್ನು ಗಲ್ಲಕ್ಕೆ ಒತ್ತಿ ಪಿಟೀಲು ನುಡಿಸಿದಳು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, ತಪ್ಪಿದಾಗಲೆಲ್ಲ ಪಿಟೀಲನ್ನೇ ದುರುಗುಟ್ಟಿ ನೋಡುತ್ತ. ಮೇಸ್ತ್ರಿಯಾಗಿ ಗುಂಡಿಯ ಆಳ ವಿಚಾರಿಸಿದಳು. ಹೆಂಗಸರು ಗಂಜಿಯ ಗಡಿಗೆ ಕೆಳಗಿಟ್ಟರು. ಮಂಜಿನ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು, ತಲೆಕೆಳಗು ಹಿಡಿದು ಮೆಚ್ಚಿಕೊಂಡಳು. ಅದನ್ನು ನಾನು ಬಾಗಿಲು ಹಾಕಿಕೊಂಡು ಮಾಡಿದ್ದೆ, ಅವಳಿಗೆ ಹೇಗೆ ತಿಳಿಯಿತೋ ದೇವರೇ ಬಲ್ಲ. ಕಿಟಕಿಯಿಂದ ತಾಯಿಯಾಗಿ ಕೂಗಿದಳು, ಬಾಗಿಲಲ್ಲಿ ಅಜ್ಜಿಯಾಗಿ "ಯಾರ್ ಸತ್ತದ್?" ಎಂದಳು. ಅವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಪಕ್ಕದವಳನ್ನು ತಿವಿದು, ಈ ಮುದುಕಿ ಯಾರು ಎಂದು ಕೇಳಿದಳಂತೆ. ಕೊನೆಗೆ ಪಾರು ಬಿದಿರು ಹೆಗಲಿಗೇರಿಸಿಕೊಂಡು ತಿಮ್ಮಯ್ಯನಾದಳು. ಅಳುತ್ತ ಹೋಗಿ, ಎರಡು ಹೆಜ್ಜೆ ಹಿಂದೆ ಬಂದು, ಬಿದಿರು ಬಿಟ್ಟಳು. ತಿಮ್ಮಯ್ಯ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡ. ಸಾವಿನ ಬಟ್ಟೆ ಉಟ್ಟ ಒಂದು ಊರು ಅಂಗಳದ ತುಂಬ ಬಿದ್ದು ಬಿದ್ದು ನಗುತ್ತಿತ್ತು.

ಜನ ಇನ್ನೊಮ್ಮೆ ಎಂದರು. ಪಾರು ಮೊದಲಿನಿಂದ ಶುರುಮಾಡಿ, ಪೈಪು ತುಂಬುವ ದೊರೆಯಾಗಿ, ಗೊಣಗುವ ಕನ್ನಡದಲ್ಲಿ "ರೈಟರ್, ಸ್ಕೂಲು ಬಿಟ್ಟರೆ" ಎನ್ನುವಾಗ ನಗು ಹಿಂದಿನ ಸಾಲಿನಿಂದ ಒಂದೊಂದಾಗಿ ನಿಂತಿತು. ತಿರುಗಿ ನೋಡಿದೆ. ಅಂಗಳದ ಮೆಟ್ಟಿಲ ಮೇಲೆ ಟೋಪಿ ತೆಗೆದು ಎದೆಗೊತ್ತಿಕೊಂಡು ದೊರೆ ನಿಂತಿದ್ದರು. ಪಕ್ಕದಲ್ಲಿ ಬಿಳಿಯ ಉಡುಪಿನ, ಕುಳ್ಳಗಿನ, ಕನ್ನಡಕದ ಒಬ್ಬ ಹೆಂಗಸು ಜಪಮಾಲೆ ಹಿಡಿದು ನಿಂತಿದ್ದರು. ಇಷ್ಟು ವರ್ಷ ಕೊಡಗಿನಲ್ಲಿದ್ದ ದೊರೆಗೆ ಎರಡು ಗುಂಡಿನ ಅರ್ಥ ಗೊತ್ತಿತ್ತು. ರೈಟರನ ಮನೆಯಲ್ಲಿ ಸಾವು ಎಂದು ಮದರನ್ನು ಪ್ರಾರ್ಥನೆಗೆ ಕರೆತಂದಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ನನ್ನ ಕೆಲಸ ಹೋಯಿತು, ಮಗಳ ಕಾಲೇಜು ಹೋಯಿತು, ಮೀಸೆ ಬಂತು ಎಂದುಕೊಂಡೆ. ಪಾರು ಪೈಪು ಹಿಡಿದ ಕೈಯನ್ನು ಕೆಳಗಿಳಿಸಲೂ ಮರೆತು ನಿಂತಿದ್ದಳು. ದೊರೆ ಅವಳನ್ನು ನೋಡಿ, ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ತಿಳಿಯಬೇಕೆಂಬ ದನಿಯಲ್ಲಿ, "ರೈಟರ್, ನಾನು ಹಾಗೆಯೇ ನಿಲ್ಲುತ್ತೇನೆಯೆ?" ಎಂದರು. ಆಳುಗಳೆಲ್ಲ ಒಟ್ಟಿಗೆ ಹೌದು ಎಂದರು.

ಮದರ್ ಜಪಮಾಲೆಯನ್ನು ಜೇಬಿಗೆ ಹಾಕಿ ಪಾರುವಿನ ಹತ್ತಿರ ಹೋದರು. ಮಂಗಳೂರಿನಲ್ಲಿ ಬಹಳ ಕಾಲವಿದ್ದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. "ನಾನು ನಿನ್ನಲ್ಲಿ ಒಂದು ಪ್ರಶ್ನೆ ಕೇಳಲಿಕ್ಕೆ ಉಂಟು. ಅದು ಏನೆಂದು ಈ ಊರಿಗೆಲ್ಲ ಗೊತ್ತಾಗಿದೆ ಎಂದು ಕಾಣುತ್ತದೆ. ಆದರೂ ಕೇಳುತ್ತೇನೆ. ಸ್ಕೂಲಿನ ಹೊರಗೆ ನೀನೇನು ಮಾಡುತ್ತಿ?" ಎಂದರು.

ಪಾರು ನನ್ನ ಕಡೆ ನೋಡಿದಳು. ಆ ನೋಟ ಇನ್ನೂ ನನ್ನ ಕಣ್ಣಿನಲ್ಲಿದೆ. ಅಪ್ಪ ಹೇಳಿಕೊಟ್ಟದ್ದನ್ನು ಹೇಳಲೇ, ಇದ್ದದ್ದನ್ನು ಹೇಳಲೇ ಎಂದು ಅದು ಕೇಳುತ್ತಿತ್ತು. ಇದ್ದದ್ದನ್ನೇ ಹೇಳು ಎಂದು ನಾನು ತಲೆಯಾಡಿಸಿದೆ. "ಜನರನ್ನು ನೋಡುತ್ತೇನೆ ಮದರ್. ನೋಡಿದ್ದು ಮರೆಯುವುದಿಲ್ಲ," ಎಂದಳು.

"ಎಲ್ಲಿ ಕಲಿತೆ?"

"ಮನೆಯಲ್ಲೇ. ಅಪ್ಪ ಇದ್ದಾರಲ್ಲ."

ಜನ ಮತ್ತೆ ನಕ್ಕರು. ಮದರ್ ನಗಲಿಲ್ಲ. ಪಾರುವಿನ ಗಲ್ಲ ಹಿಡಿದು, ಜೂನ್ ತಿಂಗಳಿಗೆ ಬಾ, ನಮ್ಮಲ್ಲಿ ನೋಡುವ ಹಾಗಿನವರು ಬಹಳ ಜನ ಇದ್ದಾರೆ ಎಂದರು. ಹೋಗುವ ಮೊದಲು, ಸಾವಿಗೆಂದು ಬಂದ ಗಂಜಿಯನ್ನು ಎಲ್ಲರ ಜೊತೆ ಕೂತು ಕುಡಿದರು. ಅವ್ವ ತಾನೇ ಉಪ್ಪು ಬಡಿಸಿದಳು. ಉಪ್ಪಿನ ಮರಿಗೆಯ ಮೇಲಿದ್ದ ನನ್ನ ಚಿತ್ರವನ್ನು ಮದರ್ ಎತ್ತಿ ನೋಡಿ, ಇದು ಮಂಜಾ ಎಂದು ಕೇಳಿದರು. ಒಟ್ಟಿನಲ್ಲಿ ಅದನ್ನು ಅರ್ಥ ಮಾಡಿಕೊಂಡವರು ಅವರೊಬ್ಬರೇ.

ಪಾರು ಈಗ ಮಂಗಳೂರಿನಲ್ಲಿದ್ದಾಳೆ. ಅಲ್ಲಿಯ ನಾಟಕಗಳನ್ನೆಲ್ಲ ಅವಳೇ ಮಾಡಿಸುತ್ತಾಳಂತೆ. ಮಗಳಿಗೆ ಆಸಕ್ತಿ ಬೆಳೆಸಿದ್ದು ಹೇಗೆ ಎಂದು ಈಗ ಬೇರೆ ತಂದೆಯರು ನನ್ನನ್ನು ಕೇಳಲು ಬರುತ್ತಾರೆ. ನಾನು ಗಂಭೀರವಾಗಿ, ಎಲ್ಲ ನಾವೇ ಮಾಡಿ ತೋರಿಸಬೇಕಾಗುತ್ತದೆ ಎನ್ನುತ್ತೇನೆ. ಹೀಗೆಂದಾಗ ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ. ಮೀಸೆಯವರ ಮನೆಗೆ ಬೇರೆ ಕಡೆಯ ಹುಡುಗಿ ಬಂದಳು. ಅವ್ವನಿಗೆ ಅದರ ಬೇಸರವಿಲ್ಲ, ಮೊಮ್ಮಗಳು ರಜಕ್ಕೆ ಬಂದಾಗ ಆ ಮೀಸೆಯನ್ನು ಮಾಡಿ ತೋರಿಸುತ್ತಾಳೆ.

ಆದರೆ ನನಗೊಂದು ಸಮಸ್ಯೆ ಉಳಿದುಬಿಟ್ಟಿದೆ. ಅಂದು ಗಂಜಿ ಕುಡಿದು ಕೈತೊಳೆದ ಮೇಲೆ ಊರವರು ಒಂದು ತೀರ್ಮಾನ ಮಾಡಿದರು. ಇನ್ನು ಮುಂದೆ ರೈಟರ ಮನೆಯಿಂದ ಎಷ್ಟು ಗುಂಡು ಕೇಳಿದರೂ ಯಾರೂ ಕೈಯ ಕೆಲಸ ಬಿಡುವುದು ಬೇಡ. ತಿಮ್ಮಯ್ಯ ಬೇಲಿಯ ಹತ್ತಿರ ಬಂದು ಇಣುಕಿ ನೋಡಿ, ಹೌದು ಎಂದರೆ ಮಾತ್ರ ಹೊರಡುವುದು. ತಿಮ್ಮಯ್ಯ ಈ ಜವಾಬ್ದಾರಿಯನ್ನು ಬಹಳ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ. ಬೇಲಿಯನ್ನು ಮತ್ತೆ ಕಟ್ಟಲಿಲ್ಲ, ದಿನಾ ಸಂಜೆ ಬಂದು ಜಗಲಿಯಲ್ಲಿ ಕೂತು ನನ್ನನ್ನು ನೋಡಿ ಹೋಗುತ್ತಾನೆ.

ಕಳೆದ ರಜದಲ್ಲಿ ಪಾರು ಮದರಿನ ಕನ್ನಡಕ ಮೂಗಿನ ತುದಿಗಿಳಿದ ಹಾಗೆ ಮಾಡಿ, "ಆಫೀಸಿನ ಹೊರಗೆ ನೀವೇನು ಮಾಡುತ್ತೀರಿ ರೈಟರೇ?" ಎಂದು ಕೇಳಿದಳು. ಉತ್ತರ ಹುಡುಕುತ್ತ ತಲೆಯೆತ್ತಿದರೆ ಅಟ್ಟ ಕಾಣಿಸಿತು. ಪಿಟೀಲು, ಸೊಳ್ಳೆಪರದೆಯ ಬಲೆ, ಬಣ್ಣದ ಪೆಟ್ಟಿಗೆ ಎಲ್ಲ ಅಲ್ಲೇ ಇವೆ. ಅವುಗಳ ಪಕ್ಕದಲ್ಲಿ, ಇರಲಿ, ಹಾಳಾಗುವ ವಸ್ತುವಲ್ಲ ಎಂದು ತಿಮ್ಮಯ್ಯ ಏರಿಸಿಟ್ಟ ಬಿದಿರಿನ ಗಳಗಳು. ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಅಟ್ಟಕ್ಕೆ ಹತ್ತಿ ಅವುಗಳ ಪಕ್ಕ ಮಲಗಿ ನೋಡಿದ್ದೆ. ಅಷ್ಟು ವರ್ಷ ನನ್ನ ಮುಖ ನೋಡದೆ ಇದ್ದ ಮನುಷ್ಯ ನನ್ನ ಉದ್ದವನ್ನು ಅಷ್ಟು ಸರಿಯಾಗಿ ಎಲ್ಲಿಂದ ತಿಳಿದುಕೊಂಡನೋ. ಮಗಳಿಗೆಂದು ತಂದದ್ದೆಲ್ಲ ಕೊನೆಗೆ ನನ್ನದಾಗಿ ಅಟ್ಟದಲ್ಲಿ ಕೂತಿದೆ, ನನಗೆಂದು ಯಾರಾದರೂ ಅಳತೆ ನೋಡಿ ತಂದದ್ದು ಮಾತ್ರ ಆ ಬಿದಿರೊಂದೇ.